ಈಸಿ ಟ್ರೆಕ್ ಅನ್ನೋ ಸುಳ್ಳು

ಬುಧವಾರ ಹನ್ನೊಂದರ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಐದೇ ನಿಮಿಷಕ್ಕೆ ನಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬೀಳುತ್ತದೆ. ಪ್ರತಿ ಮಳೆಗಾಲವೂ ಬೀಳುತ್ತದೆ. ‘ಈ ಸಂಡೇ ಒಂದು ಈಸಿ ಟ್ರೆಕ್ ಪ್ಲಾನ್ ಮಾಡು ಗುರು. ಹತ್ರ ಇರ್ಬೇಕು. ಫಾಲ್ಸ್ ಇರ್ಬೇಕು. ರಶ್ ಇರ್ಬಾರ್ದು. ಸಂಜೆ ಆರಕ್ಕೆ ಮನೇಲಿರ್ಬೇಕು.’ ಅದರ ಕೆಳಗೆ ಹದಿನಾಲ್ಕು ಹೆಬ್ಬೆಟ್ಟು. ನಮ್ಮಜ್ಜಿ ಕಾಲದಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಲದ ಜವಾಬ್ದಾರಿಯಾದರೂ ತಲೆಗೆ ಬರುತ್ತಿತ್ತು. ಈ ಹೆಬ್ಬೆಟ್ಟಿಗೆ ಯಾವ ಜವಾಬ್ದಾರಿಯೂ ಇಲ್ಲ. ಅದೆಲ್ಲ ಪ್ಲಾನ್ ಮಾಡುವವನದು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಆರು ವರ್ಷದಿಂದ ಆ ಪ್ಲಾನ್ ಮಾಡುವವನು ನಾನು.

ಈ ಮೆಸೇಜಿನ ಮೇಲೆ ನನಗೆ ಜಗಳ ಇದೆ. ಕಳಿಸಿದವರು ಒಳ್ಳೆಯವರೇ, ಅವರ ಮೇಲಲ್ಲ. ಅದರೊಳಗಿನ ಲೆಕ್ಕದ ಮೇಲೆ. ಹತ್ತಿರ, ನೀರು, ನಿರ್ಜನ, ಸುಲಭ ಅನ್ನುವ ನಾಲ್ಕೂ ಒಟ್ಟಿಗೆ ಸಿಗುವ ಜಲಪಾತ ಬೆಂಗಳೂರಿನ ಸುತ್ತ ಇಲ್ಲ. ಮೂರು ಸಿಗುವುದೂ ಕಷ್ಟ. ಇದು ಗೊತ್ತಿದ್ದೂ ಆರು ವರ್ಷ ನಾನು ಎಕ್ಸೆಲ್ ಶೀಟಿನಲ್ಲಿ ‘ಕಷ್ಟದ ಮಟ್ಟ: ಈಸಿ’ ಅಂತ ಬರೆಯುತ್ತಾ ಬಂದೆ.

ಯಾಕೆ ಸಿಗಲ್ಲ ಅನ್ನುವುದಕ್ಕೆ ರಾಕೆಟ್ ವಿಜ್ಞಾನವೇನೂ ಬೇಡ, ನಾವು ಎಲ್ಲಿ ಕೂತಿದ್ದೇವೆ ಅಂತ ನೋಡಿದರೆ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನೀರು ಇಲ್ಲಿಂದ ಹೊರಗೆ ಹರಿಯುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ವರ್ಷದ ಮಳೆ ಸರಾಸರಿ 1000 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಹಾಗಾಗಿ ಇಲ್ಲಿನ ಜಲಪಾತಗಳೆಲ್ಲ ಮಳೆ ಬಂದಾಗ ಎದ್ದು, ಮಳೆ ಹೋದಾಗ ಮಲಗುವಂಥವು. ನೀರಿದ್ದಾಗ ಬಂಡೆಯ ಮೇಲೆ ಪಾಚಿ ಇರುತ್ತದೆ. ಪಾಚಿ ಒಣಗುವ ಹೊತ್ತಿಗೆ ನೀರಿರಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಕಂಡ ಧುಮುಕುವ ಬಿಳಿ ನೀರು ‘ಈಸಿ’ ಆಗಿರುವುದು ವಿಡಿಯೊ ನೋಡುವವರಿಗೆ ಮಾತ್ರ.

ನಮಗೆ ಅತಿ ಹತ್ತಿರ ಇರುವುದು ಮುತ್ಯಾಲಮಡುವು. ಆನೇಕಲ್ಲಿನಿಂದ ಆಚೆ ನಾಲ್ಕೈದು ಕಿಲೋಮೀಟರ್. ಎಲೆಕ್ಟ್ರಾನಿಕ್ ಸಿಟಿ ಟೋಲಿನಿಂದ ಬೈಕಿನಲ್ಲಿ ಒಂದು ಗಂಟೆಯೊಳಗೆ ಹೋಗಬಹುದು, ಚಂದಾಪುರ ಸರ್ಕಲ್ ದಯೆ ತೋರಿಸಿದರೆ. ಮೆಟ್ಟಿಲು ಇಳಿದು ಕಣಿವೆಗೆ ಹೋಗಬೇಕು. ಅಲ್ಲೊಂದು ಸಣ್ಣ ಶಿವನ ಗುಡಿ, ಅತ್ತ ಬಂಡೆಯ ಮೇಲಿನಿಂದ ಜಿನುಗುವ ನೀರು. ಮುತ್ಯಾಲು ಅಂದರೆ ತೆಲುಗಿನಲ್ಲಿ ಮುತ್ತುಗಳು. ಮೇಲಿನಿಂದ ಬೀಳುವ ನೀರು ಹನಿಹನಿಯಾಗಿ ಒಡೆದು ಮುತ್ತಿನ ಹಾಗೆ ಕಾಣುತ್ತದೆ ಅಂತ ಈ ಹೆಸರು. ಹೆಸರಿಟ್ಟವರ ಮನಸ್ಸನ್ನು ಸ್ವಲ್ಪ ಯೋಚಿಸಿ. ಅವರಿಗೆ ಹನಿ ಸಾಕಾಗಿತ್ತು. ಭೋರ್ಗರೆಯುವ ಮಡುವು ಅಂತ ಸುಳ್ಳು ಹೆಸರು ಇಡಲಿಲ್ಲ. ನಾವು ಅದೇ ಮೆಟ್ಟಿಲು ಇಳಿದು, ಅದೇ ಹನಿ ನೋಡಿ, ‘ಇಷ್ಟೇನಾ?’ ಅಂತ ಕೇಳಿ, ಕಾರು ಹತ್ತುವ ಮೊದಲೇ ಗೂಗಲ್ ಮ್ಯಾಪಿನಲ್ಲಿ ಎರಡು ಸ್ಟಾರ್ ಕೊಡುತ್ತೇವೆ.

ಮುತ್ಯಾಲಮಡುವಿಗೆ ನಮ್ಮ ಗುಂಪಿನಲ್ಲಿ ಸದಾ ಬರುವ ಆಕ್ಷೇಪ ಇನ್ನೊಂದು: ‘ಅಲ್ಲಿ ತುಂಬಾ ಕ್ರೌಡ್ ಗುರು.’ ಈ ಕ್ರೌಡ್ ಯಾರು ಅಂತ ಒಂದು ಭಾನುವಾರ ನಿಂತು ನೋಡಿದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಫ್ಯಾಕ್ಟರಿಗಳಲ್ಲಿ ಆರು ದಿನ ದುಡಿದು ಒಂದು ದಿನ ರಜೆ ಸಿಕ್ಕವರು. ಒಂದು ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಹ್ಯಾಂಡಲಿಗೆ ಚಿತ್ರಾನ್ನದ ಡಬ್ಬಿ. ಒಡಿಶಾ, ಬಿಹಾರದ ಹುಡುಗರು ಆಟೋ ಮಾಡಿಕೊಂಡು ಬಂದು, ಊರಿಗೆ ವಿಡಿಯೊ ಕಾಲ್ ಹಚ್ಚಿ ಅಮ್ಮನಿಗೆ ನೀರು ತೋರಿಸುತ್ತಿದ್ದರು. ಇವರೇ ನಮ್ಮ ‘ರಶ್’. ನಮಗೆ ಬೇಕಿರುವುದು ಕಾಡಲ್ಲ, ಇವರಿಲ್ಲದ ಜಾಗ. ಅದನ್ನು ‘ನೇಚರ್’ ಅಂತ ಕರೆಯುತ್ತೇವೆ.

ನನ್ನ ಸೋದರಮಾವನ ಮಗ ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ನಡೆಸುತ್ತಾನೆ. ಅವನಿಗೊಮ್ಮೆ ನಿರ್ಜನ ಜಲಪಾತದ ಮಹಿಮೆ ವಿವರಿಸಲು ಹೋಗಿ ಮುಖಭಂಗ ಮಾಡಿಕೊಂಡೆ. ‘ಭಾವ, ಹೆಂಡ್ತಿ ಮಕ್ಳನ್ನ ಕರ್ಕೊಂಡು ಯಾರೂ ಇಲ್ದಿರೋ ಕಡೆ ಯಾರಾದ್ರೂ ಹೋಗ್ತಾರಾ? ಜಾರಿ ಬಿದ್ರೆ ಎತ್ತೋರು ಬೇಡ್ವಾ?’ ಅಂದ. ಸೇಫ್ಟಿ ಟ್ರೈನಿಂಗ್ ಅಂತ ಕಂಪನಿ ನನಗೆ ವರ್ಷಕ್ಕೆರಡು ಸಲ ಸ್ಲೈಡ್ ತೋರಿಸುತ್ತದೆ. ಅವನ ಈ ಒಂದು ಮಾತು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಅವನು ಹೋಗುವುದು ಚುಂಚಿ ಫಾಲ್ಸಿಗೆ. ಕನಕಪುರ ದಾಟಿ, ಸಂಗಮದ ಕಡೆ. ಅರ್ಕಾವತಿ ಕಾವೇರಿ ಸೇರುವ ಮೊದಲು ಬಂಡೆಗಳ ನಡುವೆ ಧುಮುಕುವ ಜಾಗ, ಚೆನ್ನಾಗಿದೆ. ಆದರೆ ಆ ನೀರಿನ ಹಾದಿಯನ್ನು ಹಿಂದಕ್ಕೆ ಹಿಡಿದು ನೋಡಿ. ಚುಂಚಿಗೆ ಮೇಲೆ ಹಾರೋಬೆಲೆ ಜಲಾಶಯ. ಅದಕ್ಕೂ ಮೇಲೆ ವೃಷಭಾವತಿ ಬಂದು ಅರ್ಕಾವತಿಗೆ ಸೇರುವ ಜಾಗ. ಅಲ್ಲಿಂದ ಬೈರಮಂಗಲ ಕೆರೆ. ಅಲ್ಲಿಂದ ಬಿಡದಿ, ಕೆಂಗೇರಿ, ಮೈಸೂರು ರಸ್ತೆಯ ಮೋರಿ, ಕೊನೆಗೆ ಪೀಣ್ಯದ ಕಾರ್ಖಾನೆಗಳ ಕೊಳಚೆ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಅಂತ ನಾವು ಹೆಮ್ಮೆಯಿಂದ ಹೇಳುವ ಪೀಣ್ಯ. ಸೋಮವಾರದಿಂದ ಶನಿವಾರದ ತನಕ ಅವನ ಫ್ಯಾಕ್ಟರಿಯ ಅಕ್ಕಪಕ್ಕದಿಂದ ಚರಂಡಿಗೆ ಇಳಿದದ್ದು ಯಾವುದೋ ಒಂದು ಭಾನುವಾರ ಅವನ ಮಕ್ಕಳ ಎದುರಿಗೇ ಜಲಪಾತವಾಗಿ ಬೀಳುತ್ತದೆ. ಇದನ್ನು ಅವನಿಗೆ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, ‘ಅದಕ್ಕೇ ನೊರೆ ಜಾಸ್ತಿ ಅನ್ನಿ’ ಅಂದ. ಈಗ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ, ದಡದಲ್ಲೇ ಕೂರಿಸಿ ಊಟ ಮಾಡಿಸಿಕೊಂಡು ಬರುತ್ತಾನೆ. ಬೈರಮಂಗಲದ ಸುತ್ತಿನ ರೈತರಿಗೆ ಆ ಆಯ್ಕೆಯೂ ಇಲ್ಲ, ಅವರ ಹೊಲಕ್ಕೆ ಬರುವುದೇ ಆ ನೀರು.

ವೈಟ್‌ಫೀಲ್ಡಿನವರು ಇದನ್ನು ಓದಿ ನಗಬೇಡಿ. ನಿಮಗೆ ಅತಿ ಹತ್ತಿರದ ಜಲಪಾತ ಯಾವುದು ಹೇಳಿ ನೋಡೋಣ. ವರ್ತೂರು ಕೋಡಿ. ತಮಾಷೆಗೆ ಹೇಳುತ್ತಿಲ್ಲ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಧುಮುಕುವ ಜಾಗಕ್ಕೆ ಕೋಡಿ ಅನ್ನುವುದು. ಹಳ್ಳಿಯಲ್ಲಿ ಕೋಡಿ ಬಿದ್ದರೆ ಜನ ಬಾಗಿನ ಕೊಟ್ಟು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. 2015ರ ಹೊತ್ತಿಗೆ ವರ್ತೂರು ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿ ಬೈಕ್ ಸವಾರರ ಹೆಲ್ಮೆಟ್ಟಿಗೆ ಅಂಟುತ್ತಿತ್ತು. ಅದನ್ನು ತಡೆಯಲು ಬಲೆ ಕಟ್ಟಿದರು, ನೊರೆಗೆ ಬಲೆ! ಶುದ್ಧಿಯಾಗದ ಚರಂಡಿ ನೀರು, ಅದರಲ್ಲಿ ನಮ್ಮ ವಾಷಿಂಗ್ ಮಷಿನ್ನುಗಳ ಸೋಪು, ಎತ್ತರದಿಂದ ಬಿದ್ದಾಗ ಕಡೆದ ಮಜ್ಜಿಗೆಯ ಹಾಗೆ ನೊರೆ. 2017ರ ಫೆಬ್ರುವರಿಯಲ್ಲಿ ಪಕ್ಕದ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಆಮೇಲೆ ಹೂಳೆತ್ತುವ ಕೆಲಸ ನಡೆಯಿತು, ನಿಜ. ಅದೇ ನೀರು ದಕ್ಷಿಣ ಪಿನಾಕಿನಿ ಹಿಡಿದು ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗಿ ಅಲ್ಲೂ ನೊರೆ ಎಬ್ಬಿಸುತ್ತದೆ. ಮನೆ ಹತ್ತಿರದ ಜಲಪಾತವನ್ನು ಈ ಗತಿಗೆ ತಂದವರು ನಾವು. ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿ, ‘ಯಾರೂ ಮುಟ್ಟದ’ ಜಲಪಾತ ಹುಡುಕಿಕೊಂಡು ಮುನ್ನೂರು ಕಿಲೋಮೀಟರ್ ಹೋಗುವವರೂ ನಾವೇ.

ಹಾಗೆ ಹೋಗಿ ಏನಾಗುತ್ತಿದೆ ಅಂತ ಎಲ್ಲರೂ ನೋಡಿದ್ದೇವೆ. 2023ರ ಜುಲೈನಲ್ಲಿ ದೂಧ್‌ಸಾಗರ ನೋಡಲು ನಮ್ಮ ಕಡೆಯಿಂದ ನೂರಾರು ಜನ ರೈಲು ಹತ್ತಿ ಹೋದರು. ಜಲಪಾತಕ್ಕೆ ಪ್ರವೇಶ ನಿಷೇಧ ಇತ್ತು. ಹಳಿ ಮೇಲೆ ನಡೆದವರಿಂದ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಓಡಾಡಿತು. ನಾವು ನಕ್ಕೆವು. ಅದೇ ತಿಂಗಳು ಕೊಲ್ಲೂರು ಹತ್ತಿರದ ಅರಸಿನಗುಂಡಿಯಲ್ಲಿ ಭದ್ರಾವತಿಯ ಯುವಕನೊಬ್ಬ ಬಂಡೆಯ ಮೇಲೆ ನಿಂತಿದ್ದ. ಗೆಳೆಯ ವಿಡಿಯೊ ಮಾಡುತ್ತಿದ್ದ. ಕಾಲು ಜಾರಿತು. ಒಂದು ವಾರ ಹುಡುಕಿದ ಮೇಲೆ ದೇಹ ಸಿಕ್ಕಿತು. ಆ ವಿಡಿಯೊವನ್ನೂ ನಾವು ಫಾರ್ವರ್ಡ್ ಮಾಡಿದೆವು. ಅದಾದ ಮರುವಾರವೇ ನಮ್ಮ ಗುಂಪಿನಲ್ಲಿ ಮೆಸೇಜು: ‘ಈಸಿ ಟ್ರೆಕ್, ಫಾಲ್ಸ್ ಇರ್ಬೇಕು.’

ಬೇರೆಯವರ ಕಥೆ ಹೇಳಿ ನುಣುಚಿಕೊಳ್ಳುವುದು ಸರಿಯಲ್ಲ. ನನ್ನದನ್ನೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ನವೆಂಬರ್. ಸೈಕ್ಲೋನ್ ಮಳೆ ನಿಂತು ನಾಲ್ಕು ದಿನವಾಗಿತ್ತು. ಕನಕಪುರ ರಸ್ತೆಯಿಂದ ಒಳಗೆ, ಒಂದು ಮೀಸಲು ಅರಣ್ಯದ ಅಂಚು. ಜಾಗದ ಹೆಸರು ಹೇಳಲ್ಲ, ಹೇಳಿದರೆ ನಿಮ್ಮಲ್ಲಿ ಮೂರು ಜನ ಈಗಲೇ ಫೋನು ತೆಗೆಯುತ್ತೀರಿ. ಯಾರೋ ಕಳಿಸಿದ ಮ್ಯಾಪ್ ಪಿನ್ ಹಿಡಿದು ಹನ್ನೊಂದು ಜನ ಹೋದೆವು. ಹಿಂದಿನ ದಿನ ಟೀಮಿಗೆ ಹೊಸದಾಗಿ ಸೇರಿದ್ದ ಹುಬ್ಬಳ್ಳಿ ಕಡೆಯ ಹುಡುಗಿ ಕೇಳಿದ್ದಳು: ‘ಸರ್, ನಂಗ ಟ್ರೆಕ್ ಗಿಕ್ ಗೊತ್ತಿಲ್ರಿ. ಈಸಿ ಐತಲ್ರಿ?’ ಈಸಿ ಅಂದೆ. ನಾನು ಆ ಜಾಗಕ್ಕೆ ಅದುವರೆಗೆ ಹೋಗಿರಲಿಲ್ಲ. ನಾಲ್ಕು ಫೋಟೊ, ಎರಡು ವಿಡಿಯೊ ನೋಡಿದ್ದೆ.

ದಾರಿಯಲ್ಲಿ ಅರಣ್ಯ ಇಲಾಖೆಯ ಬೋರ್ಡು ಇತ್ತು. ಅತಿಕ್ರಮ ಪ್ರವೇಶ ನಿಷೇಧ. ಅದರ ಮುಂದೆ ಒಂದು ಗ್ರೂಪ್ ಫೋಟೊ ತೆಗೆಸಿಕೊಂಡು ಒಳಗೆ ಹೋದೆವು. ಮಧ್ಯಾಹ್ನ ಒಂದಾಗಿತ್ತು. ಬೆಳಗಿನ ತಿಂಡಿಗೆ ನಿಂತಲ್ಲಿ ಒಂದೂವರೆ ಗಂಟೆ ಹೋಗಿದ್ದು ಅದಕ್ಕೆ ಕಾರಣ. ಹಳ್ಳದ ಗುಂಟ ಒಂದೂವರೆ ಕಿಲೋಮೀಟರ್ ನಡಿಗೆ. ಏರು ಇಲ್ಲ, ನಿಜಕ್ಕೂ ಸುಲಭ. ಅವಳು ನೀರಿಗೂ ಇಳಿಯಲಿಲ್ಲ, ಸೆಲ್ಫಿಯನ್ನೂ ತೆಗೆಯಲಿಲ್ಲ. ಒದ್ದೆ ಬಂಡೆಯಿಂದ ಇನ್ನೊಂದು ಬಂಡೆಗೆ ಕಾಲಿಟ್ಟಳು, ಅಷ್ಟೇ. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿ ತಿರುಗಿತು. ಮುರಿದ ಸದ್ದು ನೀರಿನ ಸದ್ದಿನಲ್ಲೂ ನನಗೆ ಕೇಳಿಸಿತು.

ಹನ್ನೊಂದು ಜನರ ಹತ್ತಿರ ಹನ್ನೊಂದು ಫೋನು, ಒಂದರಲ್ಲೂ ನೆಟ್‌ವರ್ಕ್ ಇಲ್ಲ. ಬ್ಲೂಟೂತ್ ಸ್ಪೀಕರ್ ಇತ್ತು, ಕ್ರೇಪ್ ಬ್ಯಾಂಡೇಜ್ ಇರಲಿಲ್ಲ. ಇಬ್ಬರು ರಸ್ತೆಗೆ ಓಡಿದರು. ಅವರು ಕರೆದುಕೊಂಡು ಬಂದದ್ದು ಒಬ್ಬ ವಾಚರ್ ಮತ್ತು ರಾಗಿ ಹೊಲದಲ್ಲಿದ್ದ ಊರಿನ ಇಬ್ಬರನ್ನು. ಎರಡು ಬಿದಿರಿನ ಗಳಕ್ಕೆ ಕಂಬಳಿ ಬಿಗಿದು ಡೋಲಿ ಮಾಡಿದರು. ಒಂದೂವರೆ ಕಿಲೋಮೀಟರಿಗೆ ಎರಡೂವರೆ ಗಂಟೆ ಬೇಕಾಯಿತು. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಐವತ್ತು ಹೆಜ್ಜೆಗೊಮ್ಮೆ ಹೆಗಲು ಬದಲಿಸಿದರು. ಆ ಮೂವರು ಬದಲಿಸಿದ್ದು ಕಡಿಮೆ. ಐದೂಕಾಲಿಗೆ ಬಿಸಿಲು ಗುಡ್ಡದ ಹಿಂದೆ ಹೋಯಿತು. ವಾಚರ್ ಒಂದೇ ಸಮ ಎಡಗಡೆಯ ಬಿದಿರು ಮೆಳೆ ನೋಡುತ್ತಿದ್ದ. ನಾನು ಏನು ಅಂತ ಕೇಳಿದೆ. ‘ರಾಗಿ ತೆನೆ ಕಟ್ಟದೆ ಸಾರ್. ಇದೇ ಹೊತ್ಗೆ ಬತ್ತವೆ’ ಅಂದ. ಏನು ಬರುತ್ತವೆ ಅಂತ ನನಗೆ ಒಂದು ನಿಮಿಷ ಹೊಳೆಯಲಿಲ್ಲ. ನಮ್ಮ ಶೀಟಿನಲ್ಲಿ ‘ಆನೆ’ ಅನ್ನುವ ಕಾಲಂ ಇರಲಿಲ್ಲ.

ರಸ್ತೆ ಮುಟ್ಟಿದ ಮೇಲೆ ಅವನು ಸಿಟ್ಟಾದ. ಆ ತನಕ ತಡೆದುಕೊಂಡಿದ್ದ ಅನ್ನಿಸುತ್ತದೆ. ‘ನೀವು ಸೋಮ್ವಾರ ಆಫೀಸ್ಗೆ ಓಯ್ತೀರ. ಇಲ್ಲೇನಾರ ಆಗಿದ್ರೆ ನನ್ ಕೆಲ್ಸ ಓಯ್ತಿತ್ತು. ಬೋರ್ಡ್ ಓದಕ್ಕೆ ಬರಲ್ವ ಸಾರ್ ನಿಮ್ಗೆ? ನಮ್ಗಿಂತ ಓದಿದೀರಲ್ಲ.’ ಉತ್ತರ ಕೊಡಲು ನನಗೆ ಯಾವ ಭಾಷೆಯೂ ಒದಗಲಿಲ್ಲ.

ಅವಳ ಕಾಲಿಗೆ ಪ್ಲೇಟ್ ಹಾಕಿದರು. ಮಾರನೇ ದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಅವಳ ಅಪ್ಪ ಬಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಎದುರಿಗೆ ನಿಂತು, ‘ನೀವ ಏನ್ರಿ ಕರ್ಕೊಂಡ್ ಹೋದವ್ರು?’ ಅಂದರು. ಹೌದು ಸರ್ ಅಂದೆ. ಬೈಯಲಿ ಅಂತ ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆಯೇ. ‘ಹೊತ್ತು ತಂದವ್ರಿಗೆ ಏನರ ಕೊಟ್ಟೀರೇನ?’ ಕೊಟ್ಟಿರಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಅವರ ಕಂಬಳಿ ನಮ್ಮ ಗಾಡಿಯಲ್ಲೇ ಉಳಿದಿತ್ತು.

ಈಗ ನಿಮ್ಮ ವಾದಕ್ಕೆ ಬರೋಣ, ಯಾಕೆಂದರೆ ಅದು ನನಗೆ ಗೊತ್ತು. ಊಟದ ಟೇಬಲ್ಲಿನಲ್ಲಿ ಹತ್ತು ಸಲ ಕೇಳಿದ್ದೇನೆ, ಮೊದಲು ನಾನೇ ಹೇಳುತ್ತಿದ್ದೆ. ‘ಕಾಡು ಯಾರಪ್ಪನದು? ರಾತ್ರಿಗೆ ಹದಿನೈದು ಸಾವಿರ ಕೊಟ್ಟವನಿಗೆ ರೆಸಾರ್ಟಿನವರು ಜೀಪಿನಲ್ಲಿ ಕರೆದುಕೊಂಡು ಹೋಗಿ ತೋರಿಸಬಹುದು, ನಡೆದು ಹೋಗೋ ನಾನು ಮಾತ್ರ ಕಳ್ಳನಾ?’ ಈ ಪ್ರಶ್ನೆಯಲ್ಲಿ ಅರ್ಧ ನ್ಯಾಯ ಇದೆ. ಇಲಾಖೆಯ ಬೋರ್ಡುಗಳು ‘ನಿಷೇಧ’ ಅನ್ನುತ್ತವೆ. ಎಲ್ಲಿ ಹೋಗಬಹುದು, ಯಾರನ್ನು ಕೇಳಬೇಕು ಅಂತ ಅವು ಹೇಳಿದ್ದನ್ನು ನಾನು ಕಂಡಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಉದ್ದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ತಿರುಪತಿ ಕ್ಯೂ ನಿಂತಿತು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ತಡೆಹಿಡಿಯಲು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಅದೇ ವರ್ಷ ‘ಅರಣ್ಯ ವಿಹಾರ’ ಅನ್ನುವ ಬುಕಿಂಗ್ ಜಾಲತಾಣ ಬಂತು, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿಯೂ ಬಂತು. ನನ್ನ ಗೆಳೆಯರು ಇದನ್ನು ಸರ್ವಾಧಿಕಾರ ಅಂದರು. ಸಿನಿಮಾ ಹಾಲಿನಲ್ಲಿ ಸೀಟು ಎಷ್ಟಿದೆಯೋ ಅಷ್ಟೇ ಟಿಕೆಟ್ ಅಂದಾಗ ಯಾರೂ ಹಾಗನ್ನುವುದಿಲ್ಲ.

ಇನ್ನರ್ಧ ಅನ್ಯಾಯ. ‘ಕಾಡು ಯಾರಪ್ಪನದು’ ಅಂತ ಕೇಳುವ ನಾವು ಕಾಡಿನ ಪರವಾಗಿ ಯಾವತ್ತು ಎದ್ದು ನಿಂತಿದ್ದೇವೆ? ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆ ಬರುವ ಹೊತ್ತಿಗೆ ಅದು 168.84 ಆಯಿತು. ನೂರು ಚದರ ಕಿಲೋಮೀಟರ್ ಕಾಗದದ ಮೇಲೆ ಮಾಯ. ಎಲೆಕ್ಟ್ರಾನಿಕ್ ಸಿಟಿಯಿಂದ ಅರ್ಧ ಗಂಟೆ ದೂರದಲ್ಲಿ ನಡೆದ ಸಂಗತಿ ಇದು. ನಮ್ಮ ಗುಂಪಿನಲ್ಲಿ ಒಂದು ಮೆಸೇಜೂ ಇಲ್ಲ. ಆದರೆ ಜಿಗಣಿ, ಆನೇಕಲ್ ಕಡೆ ‘ಫಾರೆಸ್ಟ್ ವ್ಯೂ’ ಅಪಾರ್ಟ್‌ಮೆಂಟಿನ ಬ್ರೋಷರು ತಿಂಗಳಿಗೊಂದು ಬರುತ್ತದೆ, ಅದಕ್ಕೆ ಹೆಬ್ಬೆಟ್ಟು ಬೀಳುತ್ತವೆ. ಆ ಬಾಲ್ಕನಿಯಿಂದ ಕಾಣುವ ಕಾಡು ಒಂದು ಸಪೂರ ಪಟ್ಟಿ. ಒಂದು ಕಡೆ ಕಾವೇರಿ ವನ್ಯಧಾಮ, ಇನ್ನೊಂದು ಕಡೆ ತಳಿ, ಹೊಸೂರಿನ ಕಾಡು. ನಡುವೆ ಆನೆಗಳು ಓಡಾಡಲು ಉಳಿದ ಓಣಿ. ನಾವು ಭಾನುವಾರ ಸ್ಪೀಕರ್ ಹಾಕಿಕೊಂಡು ‘ಹಿಡನ್ ಫಾಲ್ಸ್’ ಹುಡುಕುವುದು ಆ ಓಣಿಯಲ್ಲೇ. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದು ನಮಗೆ ಗೊತ್ತಾಗುವುದು ಗಾಡಿ ಜಪ್ತಿಯಾದ ಮೇಲೆ.

ಕಂಪನಿಗಳ ಮಾತನ್ನೂ ಆಡಿಬಿಡುತ್ತೇನೆ. ಜೂನ್ 5ಕ್ಕೆ ಒಂದು ಸಸಿ, ಅದರ ಸುತ್ತ ಒಂದೇ ಬಣ್ಣದ ಟೀ ಶರ್ಟಿನ ನಲವತ್ತು ಜನ, ಲಿಂಕ್ಡ್‌ಇನ್ನಿಗೊಂದು ಫೋಟೊ. ಈ ದುಡ್ಡಿನಲ್ಲಿ ಆನೇಕಲ್, ಕನಕಪುರ ಸೀಮೆಯಲ್ಲಿ ನಾಲ್ಕು ನಡಿಗೆಯ ದಾರಿಗಳನ್ನು ಇಲಾಖೆಯ ಜೊತೆ ಸೇರಿ ಸರಿಮಾಡಿ, ಅದೇ ಊರಿನ ಹುಡುಗರಿಗೆ ಗೈಡ್ ತರಬೇತಿ ಕೊಟ್ಟು, ಟಿಕೆಟ್ ಇಟ್ಟು ನಡೆಸಬಹುದು. ಪೀಣ್ಯದವನಿಗೂ ಕೈಗೆಟುಕುವ ಟಿಕೆಟ್. ಡೋಲಿ ಹೊತ್ತ ಆ ಇಬ್ಬರಿಗೆ ಆ ಕಾಡಿನ ಬಗ್ಗೆ ಗೊತ್ತಿರುವುದರ ಕಾಲು ಭಾಗವೂ ನನ್ನ ಶೀಟಿನಲ್ಲಿ ಇರಲಿಲ್ಲ, ಆದರೆ ಪ್ಲಾನರ್ ನಾನು. ಇದನ್ನು ನಮ್ಮ ಎಚ್‌ಆರ್‌ಗೆ ಬರೆದು ಕಳಿಸಿದೆ. ‘ಗ್ರೇಟ್ ಥಾಟ್’ ಅಂತ ಉತ್ತರ ಬಂತು. ಆಮೇಲೆ ಸಸಿ ನೆಡುವ ಕಾರ್ಯಕ್ರಮದ ಆಹ್ವಾನ ಬಂತು.

ಹಾಗಾದರೆ ಪ್ಲಾನ್ ಮಾಡುವುದನ್ನೇ ಬಿಟ್ಟೆಯಾ ಅಂತ ಕೇಳುತ್ತೀರಿ. ಬಿಟ್ಟಿಲ್ಲ. ಈಗ ಉಲ್ಟಾ ಮಾಡುತ್ತೇನೆ. ಮೊದಲು ವಾಪಸ್ ಬರುವ ಹೊತ್ತು ಬರೆಯುತ್ತೇನೆ, ಮಧ್ಯಾಹ್ನ ಎರಡಕ್ಕೆ ಕಾಡಿನಿಂದ ಹೊರಗೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬೆಳಿಗ್ಗೆ ಐದೂವರೆಗೆ ಮನೆ ಬಿಡಬೇಕು. ಅಲ್ಲೇ ಅರ್ಧ ಹೆಬ್ಬೆಟ್ಟು ಉದುರುತ್ತವೆ. ಆಮೇಲೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಫೋನು. ಎತ್ತದಿದ್ದರೆ ಮತ್ತೊಂದು. ‘ಹೋಗಬಹುದಾ?’ ಅಂದಾಗ ‘ಬೇಡ’ ಅಂದರೆ ಅಲ್ಲಿಗೆ ಮುಗಿಯಿತು. ಮಳೆ ನೋಡುವುದಾದರೆ ಜಲಪಾತದ ಜಾಗದಲ್ಲಿ ಅಲ್ಲ, ಅದರ ಮೇಲಿನ ಊರುಗಳಲ್ಲಿ. ನೀವು ನಿಂತಲ್ಲಿ ಬಿಸಿಲಿರುತ್ತದೆ, ಮೇಲೆಲ್ಲೋ ಸುರಿದದ್ದು ಒಂದೆರಡು ಗಂಟೆ ತಡವಾಗಿ ನಿಮ್ಮ ಕಾಲ ಕೆಳಗೆ ಬರುತ್ತದೆ. ತಿಳಿಯಿದ್ದ ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಚೀಲವನ್ನೂ ಎತ್ತಿಕೊಳ್ಳದೆ ದಡ ಹತ್ತಬೇಕು. ಬಂದವರಲ್ಲಿ ಅತಿ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ನಡೆಯುತ್ತಾರೆ. ಸ್ಪೀಕರ್ ತಂದವರು ಗಾಡಿಯಲ್ಲೇ ಕೂತು ಕೇಳಬಹುದು. ಇನ್ನು ‘ಕಷ್ಟದ ಮಟ್ಟ’ ಅನ್ನುವ ಕಾಲಂ ಅಳಿಸಿ ಹಾಕಿದ್ದೇನೆ. ಅದರ ಜಾಗದಲ್ಲಿ ‘ಬಿದ್ದರೆ ಎತ್ತೋರು ಯಾರು?’ ಅಂತ ಬರೆದಿದ್ದೇನೆ. ಅದು ಖಾಲಿ ಉಳಿದರೆ ಟ್ರಿಪ್ ಕ್ಯಾನ್ಸಲ್. ಬಹಳ ಸಲ ಕ್ಯಾನ್ಸಲ್ ಆಗುತ್ತದೆ, ಗುಂಪಿನಲ್ಲಿ ನನಗೆ ‘ಅಂಕಲ್’ ಅಂತ ಹೆಸರು ಬಿದ್ದಿದೆ.

ಕಳೆದ ಅಕ್ಟೋಬರಿನಲ್ಲಿ ಐದೇ ಜನ ಹೊರಟೆವು. ಬಿಎಂಟಿಸಿ ಬಸ್ಸಿನಲ್ಲಿ ಆನೇಕಲ್, ಅಲ್ಲಿಂದ ಆಟೋ, ಮುತ್ಯಾಲಮಡುವು. ಪೀಣ್ಯದಿಂದ ನನ್ನ ಮಾವನ ಮಗ ಸಂಸಾರ ಸಮೇತ ಬಂದ. ಹುಬ್ಬಳ್ಳಿಯ ಹುಡುಗಿಯೂ ಬಂದಳು. ಅವಳಿಗೆ ಮೆಟ್ಟಿಲು ಇಳಿಯುವಾಗ ಇನ್ನೂ ಸ್ವಲ್ಪ ನೋವಿದೆ, ಕಂಬಿ ಹಿಡಿದುಕೊಂಡು ಇಳಿದಳು. ನೀರು ಹನಿಹನಿಯಾಗಿ ಬೀಳುತ್ತಿತ್ತು. ‘ಚಲೋ ಐತ್ರಿ’ ಅಂದಳು. ಮಾವನ ಮಗನ ಹೆಂಡತಿ ಎಲ್ಲರಿಗೂ ಪುಳಿಯೋಗರೆ ಬಡಿಸಿದಳು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಒಂದು ಸಂಸಾರಕ್ಕೂ ಕೊಟ್ಟಳು.

ಹೇಳಬೇಕಾದದ್ದು ಇನ್ನೊಂದಿದೆ. ಆ ನವೆಂಬರಿನ ಮುಂದಿನ ವಾರ ಕಂಬಳಿ ಒಗೆಸಿಕೊಂಡು, ಒಂದಿಷ್ಟು ದುಡ್ಡು ಕವರಿನಲ್ಲಿಟ್ಟುಕೊಂಡು ವಾಚರ್ ಹುಡುಕಿಕೊಂಡು ಹೋಗಿದ್ದೆ. ಕಂಬಳಿ ತಗೊಂಡ. ಕವರು ಮುಟ್ಟಲಿಲ್ಲ. ‘ದುಡ್ ಬ್ಯಾಡ ಸಾರ್. ಅದೇನೋ ಪಿನ್ನು ಅಂತೀರಲ್ಲ, ಅದ್ನ ತೆಗೆಸ್ಬುಡಿ. ಅದ್ನ ಇಡ್ಕಂಡೇ ಎಲ್ಲಾ ಬರಾದು’ ಅಂದ. ಬೊಮ್ಮಸಂದ್ರದ ಮನೆಗೆ ಬಂದು ಅದೇ ರಾತ್ರಿ ದೂರು ಹಾಕಿದೆ. ಟೀಮಿನ ಎಂಟು ಜನರಿಂದಲೂ ಹಾಕಿಸಿದೆ. ಎರಡು ತಿಂಗಳಿಗೆ ಪಿನ್ ಹೋಯಿತು. ಈ ವರ್ಷ ಜೂನಿನಲ್ಲಿ ನೋಡಿದರೆ ಅದೇ ಹಳ್ಳದ ಮೇಲೆ ಹೊಸ ಹೆಸರಿನ ಹೊಸ ಪಿನ್. 4.6 ಸ್ಟಾರ್. ಮೊದಲನೇ ರಿವ್ಯೂ ಬರೆದವರು ವೈಟ್‌ಫೀಲ್ಡಿನವರಿರಬೇಕು, ಅಲ್ಲಿಂದ ಎಷ್ಟು ಹೊತ್ತಾಗುತ್ತದೆ ಅಂತಲೂ ಹಾಕಿದ್ದಾರೆ. ಬೋರ್ಡ್ ನೋಡಿ ಹೆದರಬೇಡಿ, ಪಕ್ಕದಲ್ಲೇ ಕಾಲುದಾರಿ ಇದೆ, ರಶ್ ಇಲ್ಲ, ತುಂಬಾ ಈಸಿ ಅಂತ ಬರೆದಿದ್ದಾರೆ.